ಬೇರುಮಾವನ ಗೋಡೆ

ನಮ್ಮ ಓಣಿಯವರಿಗೆಲ್ಲ ಅವರು ಬೇರುಮಾವ. ಆಸ್ಪತ್ರೆಗೆ ಯಾರನ್ನು ನೋಡಲು ಹೋದರೂ ಜ್ವರ ಇಳಿಯಿತೇ ಎನ್ನುವ ಮೊದಲು ಮುತ್ತಜ್ಜನ ಹೆಸರು ಕೇಳುತ್ತಾರೆ. ತಮ್ಮದೇ ಮನೆತನದ ಹೆಸರಿನ ಮೂಲ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ; ಅವರ ಲೆಕ್ಕದಲ್ಲಿ ಹೋದ ವಾರ ಕೋಟೆ ಕಾಯುತ್ತಿದ್ದ ಹಿರಿಯರು ಈ ವಾರ ಹಗ್ಗ ಹೊಸೆಯುತ್ತಿದ್ದಾರೆ. “ನದೀಮೂಲ, ಋಷಿಮೂಲ ಹುಡುಕಬಾರದು ಅಂತಾರೆ. ಇವರು ಹಾಲಿನವನ ಮೂಲಾನೂ ಬಿಡಲ್ಲ” ಎಂದು ಅವರ ಹೆಂಡತಿ, ನಮಗೆಲ್ಲ ಅತ್ತೆ, ಒಳಗಿನಿಂದ ಗೊಣಗುತ್ತಾರೆ. ನಡುಕೋಣೆಯ ಗೋಡೆಯುದ್ದಕ್ಕೂ ಅಂಟಿಸಿದ ಕಾಗದದ ಮೇಲೆ ವಂಶವೃಕ್ಷವಿದೆ. ಗಾಳಿಗೆ ಹರಿದೀತೆಂದು ಅಲ್ಲಿ ಕಿಟಕಿ ತೆರೆಯುವುದಿಲ್ಲ. ಬದುಕಿರುವವರ ಹೆಸರು ಪೆನ್ಸಿಲ್ಲಿನಲ್ಲಿ, ಸತ್ತವರದು ಶಾಯಿಯಲ್ಲಿ. ಯಾರದಾದರೂ ಸಾವಿನ ಸುದ್ದಿ ಬಂದರೆ ಚಪ್ಪಲಿಗಿಂತ ಮೊದಲು ಪೆನ್ನು ಹುಡುಕುತ್ತಾರೆ. ಮಕ್ಕಳಿಲ್ಲದ ಮಾವನ ಹೆಸರು ಎಲ್ಲಕ್ಕಿಂತ ಕೆಳಗೆ, ನೆಲದ ಹತ್ತಿರ. ಮೊನ್ನೆ ಅವರ ಕನ್ನಡಕ ಬಿತ್ತೆಂದು ಬಗ್ಗಿದವನು ನೋಡಿದೆ, ಆ ಹೆಸರು ಶಾಯಿಯಲ್ಲಿತ್ತು. “ಮಾವ, ಇದೇನು?” ಎಂದೆ. “ಆಮೇಲೆ ಬರೆಯೋಕೆ ಯಾರಿದ್ದಾರಪ್ಪ? ಅದಕ್ಕೇ ನಾನೇ ಬರೆದಿಟ್ಟೆ” ಎಂದರು. ಪಕ್ಕದಲ್ಲಿದ್ದ ಅತ್ತೆಯ ಹೆಸರು ಪೆನ್ಸಿಲ್ಲಿನಲ್ಲೇ ಇತ್ತು. ಮಾಸಿದಾಗಲೆಲ್ಲ ತೀಡಿ ತೀಡಿ ಅಲ್ಲಿ ಕಾಗದವೇ ಹಳ್ಳ ಬಿದ್ದಿತ್ತು.