ಮುಖಪುಟಕ್ಕೆ ಬಳಿದ ನೀಲಿ

ಆ ಹಳೆಯ ಕಾಮಿಕ್ಸ್ ಪುಸ್ತಕದ ಮುಖಪುಟಕ್ಕೆ ನೀಲಿ ಬಣ್ಣ ಬಳಿದವಳು ನಾನು. ನೀನಲ್ಲ ದೀಪಾ — ನಾನು, ನಿನ್ನ ಲಲಿತಾ ಆಂಟಿ. ಬಳಿದದ್ದಷ್ಟೇ ಅಲ್ಲ, ನಿನ್ನಪ್ಪ ಎದುರು ನಿಂತು ಕೇಳಿದಾಗ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಅದೂ ಸಾಲದೆಂದು ಆಮೇಲೆ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು... ಇರಲಿ, ಅದಕ್ಕೂ ಬರುತ್ತೇನೆ. ಹೇಳದೆ ಬಿಡುವುದಿಲ್ಲ. ಇಷ್ಟು ವರ್ಷ ಬಿಟ್ಟದ್ದೇ ಸಾಕು.

ಎಂಬತ್ತರ ದಶಕದ ಮಾತು. ನೀವು ಕ್ಯುಪರ್ಟಿನೋದಲ್ಲಿ ಮನೆ ಮಾಡಿದ್ದಿರಿ, ನಾವು ಸನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು ಅಮೆರಿಕಕ್ಕೆ ಬಂದು ಇವರ ಊಟದ ಡಬ್ಬಿಗೆ ಚಪಾತಿ ಸುತ್ತುತ್ತಾ ಕೂತಿದ್ದೆ. ಗ್ರೋಸರಿಯ ಹುಡುಗಿ ಏನೋ ತಮಾಷೆ ಮಾಡಿದರೆ ನನಗೆ ತಿಳಿಯದು, ಪಕ್ಕದಲ್ಲಿ ಇವರು ನಗುವರು, ನನಗೆ ಮೈಯೆಲ್ಲ ಉರಿಯುವುದು. ಇದನ್ನು ಗಮನಿಸಿದವರು ನಿಮ್ಮಪ್ಪ ಮೋಹನಣ್ಣ ಒಬ್ಬರೇ. ಒಂದು ಕಟ್ಟು ಹಳೇ ಕಾಮಿಕ್ಸ್ ತಂದು ನನ್ನ ಮುಂದೆ ಇಟ್ಟರು. “ಇದನ್ನು ಓದಿ ಮಾರಾಯ್ರೆ. ಇಲ್ಲಿಯವರು ಬಾಯಲ್ಲಿ ಆಡುವ ಇಂಗ್ಲಿಷ್ ಇದ್ರಲ್ಲೇ ಉಂಟು” ಎಂದರು. ಉಡುಪಿಯ ಮನುಷ್ಯ, ಮಾತಿನಲ್ಲಿ ಸುತ್ತುಬಳಸು ಇರಲಿಲ್ಲ.

ನಿಮ್ಮ ಗರಾಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ, ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಚೆನ್ನಾಗಿದ್ದ ಪ್ರತಿಗಳು ಪ್ಲಾಸ್ಟಿಕ್ ಚೀಲದೊಳಗೆ, ಯಾರೂ ಮುಟ್ಟುವಂತಿಲ್ಲ. ನನಗೆ ಸಿಗುತ್ತಿದ್ದವು ಕೆಳದರ್ಜೆಯವು — ಬೆನ್ನು ಸವೆದು ಬಿಳಿ ಗೆರೆ ಎದ್ದಂಥವು, ಮೂಲೆ ಮುದುರಿದಂಥವು, ಪಿನ್ನು ತುಕ್ಕು ಹಿಡಿದಂಥವು, ಯಾವುದೋ ಕಾಲದ ಹುಡುಗನೊಬ್ಬ ಪೆನ್ಸಿಲಿನಲ್ಲಿ ತನ್ನ ಹೆಸರು ಗೀಚಿಕೊಂಡಂಥವು. ಒಂದರ ಮೇಲಂತೂ ಕಾಫಿ ಲೋಟದ ದುಂಡನೆ ಗುರುತು! ಇಂಥದ್ದನ್ನೂ ಸಂಗ್ರಹಿಸುವವರು ಇದ್ದಾರೆಂದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಮೋಹನಣ್ಣ ನಗಲಿಲ್ಲ.

“ಅದೆಲ್ಲ ಪ್ರಾಯದ ಗುರುತು ಮಾರಾಯ್ರೆ. ಮಡಿಕೆ ಅಡ್ಡಿಲ್ಲ, ಕಲೆ ಅಡ್ಡಿಲ್ಲ, ಸಣ್ಣ ಹರಕು ಇದ್ರೂ ಅಡ್ಡಿಲ್ಲ. ಪುಟ ಎಲ್ಲ ಇರ್ಬೇಕು, ಒಳಗಿನ ಕೂಪನ್ ಯಾರೂ ಕತ್ತರಿಸಿರಬಾರ್ದು. ಮತ್ತೆ ಬಣ್ಣ ಹಚ್ಚಿ ಹುಳುಕು ಮುಚ್ಚಿರಬಾರ್ದು. ಅದೊಂದು ಮಾತ್ರ ಆಗುದಿಲ್ಲ. ಅಂಥದ್ದನ್ನು ತಂದವನನ್ನು ಮತ್ತೆ ಯಾರೂ ನಂಬುದಿಲ್ಲ.”

ನೀನು ಆಗ ಹತ್ತು ವರ್ಷದವಳು. ಬಾಗಿಲ ಹತ್ತಿರ ನಿಂತು ಅಪ್ಪನ ಈ ಪಾಠವನ್ನು ಅವರಿಗಿಂತ ಮುಂಚೆಯೇ ಬೆರಳು ಮಡಚಿ ಒಪ್ಪಿಸುತ್ತಿದ್ದೆ. ವಾರವಿಡೀ ಆಫೀಸಿನಲ್ಲೇ ಬಿದ್ದಿರುತ್ತಿದ್ದ ಅಪ್ಪ ನಿನಗೆ ಸಿಗುತ್ತಿದ್ದದ್ದು ಶನಿವಾರ ಬೆಳಿಗ್ಗೆ ಮಾತ್ರ. ಇಬ್ಬರೂ ಸ್ಯಾನ್ ಹೋಸೆಯ ಕಾಮಿಕ್ಸ್ ಅಂಗಡಿಗೆ ಹೋಗುವಿರಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಗ್ರಹಕಾರರು ಸೇರಿ ಪುಸ್ತಕ ಅದಲುಬದಲು ಮಾಡಿಕೊಳ್ಳುವರು. ಅಲ್ಲಿಂದ ಬಂದ ಮೇಲೆ ನಿನ್ನ ಮಾತು ನಿಲ್ಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆ ಶನಿವಾರಗಳನ್ನೇ ನಾನು ನಿನ್ನಿಂದ ಕಿತ್ತುಕೊಂಡದ್ದು.

ಆ ವರ್ಷದ ಸರಸ್ವತಿ ಪೂಜೆ. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿದೆ — ಇವರ ಎಂಜಿನಿಯರಿಂಗ್ ಪುಸ್ತಕಗಳು, ನನ್ನ ಕೆಮಿಸ್ಟ್ರಿ, ಡಿಕ್ಷನರಿ. ಹಿಂದಿನ ದಿನ ಓದಿ ಮುಗಿಸಿದ್ದ ಕಾಮಿಕ್ಸ್ ಎಲ್ಲಕ್ಕಿಂತ ಮೇಲಿತ್ತು. ಅದೂ ನನಗೆ ವಿದ್ಯೆ ಕೊಟ್ಟ ಪುಸ್ತಕವೇ ತಾನೆ? ಬೆರಳು ತಾನಾಗಿ ಹೋಯಿತು. ಮುಖಪುಟದ ನೀಲಿ ಆಕಾಶದ ಮೇಲೆ ಒದ್ದೆ ಗಂಧ, ಗಂಧದ ಮೇಲೆ ಕುಂಕುಮ. ಕೈ ಮುಗಿದು ಕಣ್ಣು ತೆರೆದಾಗಲೇ ಹೊಳೆದದ್ದು — ಇದು ನಮ್ಮದಲ್ಲ!

ಆಗಲೇ ಫೋನು ಎತ್ತಿ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕಾಫಿಯ ಕಲೆಯನ್ನೇ ಒಪ್ಪುವವರು ಕುಂಕುಮದ ಕಲೆಯನ್ನು ಒಪ್ಪುತ್ತಿರಲಿಲ್ಲವೇ? ಮೋಹನಣ್ಣ ಅದನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದರೋ ಏನೋ. ಆದರೆ ಹಿಂದಿನ ವರ್ಷ ಆಯುಧಪೂಜೆಗೆ ನಾನು ಅಪಾರ್ಟ್‌ಮೆಂಟಿನವರೆಲ್ಲ ಬಳಸುವ ವಾಷಿಂಗ್ ಮಷೀನಿಗೆ ಕುಂಕುಮ ಇಟ್ಟು ಬಂದಿದ್ದೆ. ಮ್ಯಾನೇಜರ್ ಬಂದು ದೂರಿದ. ಅದು ನಮ್ಮ ಕನ್ನಡದವರ ಕಿವಿಗೆ ಬಿದ್ದು, ತಿಂಗಳುಗಟ್ಟಲೆ ಊಟಕ್ಕೆ ಸೇರಿದಲ್ಲೆಲ್ಲ ಅದೇ ಮಾತು: “ಲಲಿತಾ ಮುಂದೆ ಸುಮ್ನೆ ನಿಂತ್ಕೋಬೇಡ್ರಪ್ಪಾ, ನಿಮಗೂ ಇಟ್ಬಿಡ್ತಾಳೆ!” ಇವರೂ ಅವರ ಜೊತೆ ಸೇರಿ ನಕ್ಕರು. ಇನ್ನೊಮ್ಮೆ ಅದೇ ನಗು ಕೇಳುವ ಶಕ್ತಿ ನನಗಿರಲಿಲ್ಲ. ನಕ್ಕವರ ಮೇಲೆ ನನಗೆ ಈಗಲೂ ಕೋಪ ಇದೆ. ಆದರೆ ಅವರು ಯಾರೂ ಬಂದು ನನ್ನ ಕೈಗೆ ಬಣ್ಣದ ಪೆನ್ನು ಕೊಡಲಿಲ್ಲವಲ್ಲ.

ಒದ್ದೆ ಹತ್ತಿಯಿಂದ ಒರೆಸಿದೆ. ಕೆಂಪು ಹರಡಿಕೊಂಡಿತು. ಮತ್ತೆ ಉಜ್ಜಿದೆ. ಕೆಂಪಿನ ಜೊತೆ ಆಕಾಶದ ನೀಲಿಯೂ ಎದ್ದುಬಂದು ಕಾಗದ ಬೆಳ್ಳಗಾಯಿತು. ಕೆಮಿಸ್ಟ್ರಿ ಪಾಠ ಹೇಳಿದವಳ ಬುದ್ಧಿ ನೋಡು! ಅಂಗಡಿಗೆ ಹೋಗಿ ಮಕ್ಕಳು ಚಿತ್ರ ಬರೆಯುವ ಸ್ಕೆಚ್ ಪೆನ್ನು ತಂದು ಬೆಳ್ಳಗಾದ ಕಡೆಯೆಲ್ಲ ನೀಲಿ ತುಂಬಿದೆ. ದೂರ ಹಿಡಿದು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅಬ್ಬಾ, ಬಚಾವಾದೆ ಎಂದುಕೊಂಡೆ. ನಿಮ್ಮ ಮನೆಗೆ ಹೋದಾಗ ನೀನೇ ಗರಾಜು ತೆರೆದುಕೊಟ್ಟೆ, ನಾನೇ ಅದನ್ನು ಉಳಿದವುಗಳ ನಡುವೆ ಸೇರಿಸಿಟ್ಟೆ.

ಅದೇ ಪುಸ್ತಕವನ್ನು ಕೊಟ್ಟು, ನೀನು ಬಹಳ ದಿನದಿಂದ ಹುಡುಕುತ್ತಿದ್ದ ಒಂದು ಸಂಚಿಕೆಯನ್ನು ಪಡೆಯಬೇಕೆಂದು ಮೋಹನಣ್ಣ ಮಾತಾಡಿಟ್ಟಿದ್ದರಂತೆ. ನನಗೆ ಗೊತ್ತಿರಲಿಲ್ಲ... ಗೊತ್ತಿದ್ದರೆ ಹೇಳುತ್ತಿದ್ದೆನೇ? ಆಣೆಗೂ ತಿಳಿಯದು.

ಮುಂದಿನ ಶನಿವಾರ ನಿಮ್ಮ ಮನೆಯಲ್ಲಿ ಊಟವಿತ್ತು. ನಾನು ಬೇಗ ಬಂದು ನಿಮ್ಮಮ್ಮ ಶೈಲಾಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದೆ. ಕಾರು ನಿಂತ ಸದ್ದು, ದಡಾರನೆ ಬಾಗಿಲು. ನಿನ್ನ ಮುಖ ಅತ್ತು ಊದಿಕೊಂಡಿತ್ತು. ಅಂಗಡಿಯಲ್ಲಿ ಆ ಸಂಚಿಕೆ ಕೊಡಬೇಕಿದ್ದ ಮುದುಕ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮುಖಪುಟ ತಿರುಗಿಸಿದನಂತೆ. ಒಳಬದಿಗೆ ಹೊಸ ನೀಲಿ ಶಾಯಿ ಇಳಿದಿತ್ತು. “ಏನೂ ಕೈಯಾಡಿಸಿಲ್ಲ ಅಂದಿದ್ದೆಯಲ್ಲ” ಎಂದಷ್ಟೇ ಹೇಳಿ ವಾಪಸು ಕೊಟ್ಟನಂತೆ. ಆ ಕೋಣೆಯಲ್ಲಿದ್ದ ಒಬ್ಬನೇ ಇಂಡಿಯನ್ ಮೋಹನಣ್ಣ. ಉಳಿದವರೆಲ್ಲ ಅವರು ತಂದಿದ್ದ ಬೇರೆ ಪುಸ್ತಕಗಳನ್ನೂ ಅಲ್ಲೇ, ಅವರ ಕಣ್ಣೆದುರೇ, ಒಂದೊಂದಾಗಿ ಬೆಳಕಿಗೆ ಹಿಡಿದು ನೋಡತೊಡಗಿದರಂತೆ. ಇದನ್ನೆಲ್ಲ ಮೋಹನಣ್ಣ ನಿಂತಲ್ಲೇ ಹೇಳಿದರು.

“ಚಂದ ಕಾಣ್ಲಿ ಅಂತ ಬಣ್ಣ ಹಚ್ಚಿದ್ದಾಳೆ. ಅವಳಿಗೆ ಆ ಸಂಚಿಕೆ ಬೇಕಿತ್ತಲ್ಲ! ಹಚ್ಚಿದ್ದಲ್ಲದೆ ಇಲ್ಲ ಅಂತ ಸುಳ್ಳು ಬೇರೆ” ಎಂದು ನಿಮ್ಮಮ್ಮನಿಗೆ ಹೇಳಿದವರು ನನ್ನ ಕಡೆ ತಿರುಗಿದರು. “ನಿಮ್ಮ ಮನೆಯಲ್ಲಿದ್ದಾಗ ಸರಿ ಇತ್ತಲ್ಲ?”

“ನೀವು ಹೇಗೆ ಕೊಟ್ರೋ ಹಾಗೇ ತಂದಿಟ್ಟೆ ಮೋಹನಣ್ಣ.”

ನಾಲಿಗೆ ತಡವರಿಸಲೂ ಇಲ್ಲ. ದೊಡ್ಡವಳ ಮಾತು ನೋಡು, ಮರುಪ್ರಶ್ನೆಯೇ ಇಲ್ಲದೆ ನಂಬಿಬಿಟ್ಟರು. ಅದಕ್ಕೂ ನನಗೆ ಅವರ ಮೇಲೆ ಸಿಟ್ಟಿದೆ! ಆ ನಿಯಮವನ್ನು ಅವರ ಬಾಯಿಂದಲೇ ಕಲಿತ ಮಗಳನ್ನು ಬಿಟ್ಟು ನನ್ನನ್ನು ಏಕೆ ನಂಬಬೇಕಿತ್ತು? ಇನ್ನೊಂದು ಸಲ ಗದರಿಸಿ ಕೇಳಿದ್ದರೆ ನಾನು... ಥೂ, ಈಗ ಸತ್ತವರ ಮೇಲೆ ಹಾಕುತ್ತಿದ್ದೇನೆ.

ಇದಿಷ್ಟೇ ಆಗಿದ್ದರೆ ಹೇಡಿ ಅನ್ನಿಸಿಕೊಂಡು ಸುಮ್ಮನಾಗಬಹುದಿತ್ತು. ನೀನು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಬಂದು ಪಕ್ಕದಲ್ಲಿ ಕೂತೆ. ನೀನು ನನ್ನ ಸೆರಗು ಹಿಡಿದುಕೊಂಡು, “ಆಂಟಿ, ಐ ಡಿಡ್‌ಂಟ್ ಡೂ ಇಟ್. ಯೂ ಬಿಲೀವ್ ಮಿ, ರೈಟ್?” ಎಂದೆ. ನಂಬುವುದೇನು ಬಂತು, ಇಡೀ ಅಮೆರಿಕದಲ್ಲಿ ನೀನು ಮಾಡಿಲ್ಲವೆಂದು ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳೇ! ನಿನ್ನ ತಲೆ ನೇವರಿಸಿ, ಜೇನಿನಂಥ ದನಿಯಲ್ಲಿ ಹೇಳಿದೆ — “ಒಳಗೆ ಹೋಗಿ ಸಾರಿ ಅಂದ್ಬಿಡು ಪುಟ್ಟಿ. ಅಪ್ಪನ ಕೋಪ ಇಳಿದುಹೋಗುತ್ತೆ.”

ನೀನು ಎದ್ದು ಹೋಗಿ ಸಾರಿ ಅಂದೆ. ನಾನು ಹೇಳಿದ್ದಕ್ಕೇ ಅಂದೆ. ನಿಮ್ಮಪ್ಪ “ನೋಡಿ, ಈಗ ಒಪ್ಪಿಕೊಂಡ್ಳು” ಎಂದರು, ಅವರ ಸಂಶಯ ಅಲ್ಲಿಗೆ ಮುಗಿಯಿತು. ಆದರೆ ಗರಾಜಿನ ಪೆಟ್ಟಿಗೆಗಳನ್ನು ನಿನಗೆ ಮತ್ತೆ ಮುಟ್ಟಗೊಡಲಿಲ್ಲ. ಶನಿವಾರ ಅವರು ಒಬ್ಬರೇ ಹೋಗತೊಡಗಿದರು, ನೀನು ಟೀವಿ ಮುಂದೆ ಕೂರತೊಡಗಿದೆ. ಅದನ್ನು ನೋಡಿಕೊಂಡೂ ನಾನು ನಿಮ್ಮ ಮನೆಯಲ್ಲಿ ಉಂಡೆ, ತಿಂದೆ, ಹಬ್ಬಕ್ಕೆ ಸೀರೆ ಉಟ್ಟು ಬಂದೆ. ತುಟಿ ಪಿಟಕ್ ಅನ್ನಲಿಲ್ಲ. ಎಷ್ಟೋ ಸಲ ಹೇಳಬೇಕೆಂದು ಹೊರಟು — “ಮೋಹನಣ್ಣ, ಒಂದು ಮಾತು...” ಎಂದವಳು ಸಾರಿಗೆ ಉಪ್ಪು ಕಡಿಮೆ ಎಂದೋ ಇನ್ನೇನೋ ಹೇಳಿ ತೇಲಿಸಿಬಿಟ್ಟೆ. ಕಳೆದ ವರ್ಷ ಅವರು ಹೋದರು. ಮಗಳು ನಿರಪರಾಧಿ ಎಂದು ತಿಳಿಯದೆಯೇ ಹೋದರು.

ಹೋದ ವಾರ ಪ್ಲೆಸೆಂಟನ್‌ನ ನಿನ್ನ ಮನೆಗೆ ಬಂದಿದ್ದೆನಲ್ಲ, ಅವರ ಪೆಟ್ಟಿಗೆಗಳನ್ನು ನೀನು ಬಿಚ್ಚುತ್ತಿದ್ದೆ. ಮಕ್ಕಳಿಬ್ಬರೂ ಏನನ್ನೋ ಮುರಿದು ನಾನಲ್ಲ ತಾನಲ್ಲ ಎಂದು ಜಗಳವಾಡುತ್ತಿದ್ದರು. ನೀನು ಅವರನ್ನು ಎದುರು ಕೂರಿಸಿಕೊಂಡು ಹೇಳಿದೆ — ಚಿಕ್ಕವಳಿದ್ದಾಗ ನಾನೂ ಅಜ್ಜನ ಪುಸ್ತಕ ಹಾಳು ಮಾಡಿದ್ದೆ, ಮಾಡಿಲ್ಲ ಅಂತ ಸುಳ್ಳು ಹೇಳಿದ್ದೆ, ಆಮೇಲೆ ಒಪ್ಪಿಕೊಂಡೆ, ನೀವೂ ಒಪ್ಪಿಕೊಳ್ಳಬೇಕು. ನನ್ನ ಕಡೆ ತಿರುಗಿ ನಕ್ಕು, “ಐ ಡೋಂಟ್ ಈವನ್ ರಿಮೆಂಬರ್ ಡೂಯಿಂಗ್ ಇಟ್, ಆಂಟಿ. ಬಟ್ ಐ ಮಸ್ಟ್ ಹ್ಯಾವ್” ಎಂದೆ. ನನ್ನ ಕೈಯಲ್ಲಿದ್ದ ಕಾಫಿ ಲೋಟ ಇಡಲು ಜಾಗ ಸಿಗಲಿಲ್ಲ. ನಾನು ಮಾಡಿದ ತಪ್ಪನ್ನು ನೀನು, ಮಾಡಿದ ನೆನಪೇ ಇಲ್ಲದಿದ್ದರೂ, ನಿನ್ನದೆಂದೇ ನಂಬಿ ಬೆಳೆದಿದ್ದೀಯ. ಹತ್ತು ವರ್ಷದ ಆ ಹುಡುಗಿಯನ್ನು ಸುಳ್ಳಿ ಎಂದು ನೀನೇ ಕರೆಯುತ್ತಿದ್ದೀಯ. ಆಗಲೂ ನಾನು ಬಾಯಿ ಬಿಡಲಿಲ್ಲ! ಕಾರು ಹತ್ತಿ ಫ್ರೀವೇ ಹಿಡಿದು ಮನೆ ಸೇರಿದೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಇದನ್ನು ನೀನು ಓದಲಾರೆ, ನಿನಗೆ ಕನ್ನಡ ಅಕ್ಷರ ಬಾರದು. ಅದರ ಮರೆಯಲ್ಲಿ ಅಡಗಿಕೊಳ್ಳಲು ಬರೆದದ್ದಲ್ಲ. ಮಾತಾಡಲು ನಿಂತರೆ ಮತ್ತೆ ತೇಲಿಸಿಬಿಡುತ್ತೇನೆಂದು ನನ್ನ ಬುದ್ಧಿ ಬಲ್ಲ ನಾನೇ ಬರೆದು ಕಟ್ಟಿಹಾಕಿದ್ದೇನೆ. ನಾಳೆ ಬಂದು ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ, ಕೇಳಿದರೆ ನಿನಗೆ ಎಲ್ಲ ಅರ್ಥವಾಗುತ್ತದೆ. ಮಕ್ಕಳನ್ನು ಹೊರಗೆ ಕಳಿಸಬೇಡ, ಅವರಿಗೆ ತಿಳಿಯದಿದ್ದನ್ನು ನೀನೇ ಇಂಗ್ಲಿಷಿನಲ್ಲಿ ಹೇಳು. ಪರವಾಗಿಲ್ಲ ಆಂಟಿ ಅನ್ನಬೇಡ. ಬಾಯಿಗೆ ಬಂದಂತೆ ಬೈ, ಮನೆಯಿಂದಾಚೆ ಹೋಗು ಅನ್ನು, ಹೋಗುತ್ತೇನೆ. ಆದರೆ ಅದಕ್ಕೆ ಮೊದಲು ಮಕ್ಕಳಿಗೆ ತಿಳಿಯಬೇಕು — ಅವರ ಅಮ್ಮ ಅವತ್ತು ಮೊದಲು ಹೇಳಿದ್ದೇ ನಿಜ.