ಹಳೆಯ ಡಿಸ್ಕಿನಲ್ಲಿದ್ದ ಅವ್ವ

ನನ್ನ ಅವ್ವ ನನ್ನ ಗಂಡನ ಮನೆಯ ನೀರು ಮುಟ್ಟಲಿಲ್ಲ. ಜಗಳೂರು ಕಡೆಯಿಂದ ಸಾಸ್ವೆಹಳ್ಳಿ ಪಕ್ಕದ ಈ ಊರಿಗೆ ನನ್ನನ್ನು ಧಾರೆಯೆರೆದು ಕೊಡಲು ಬಂದ ದಿನ, ನಮ್ಮ ಕಡೆಯವರನ್ನು ಎರಡನೇ ಪಂಕ್ತಿಗೆ ಕೂರಿಸಿದರು. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಬಡಿಸುವವನೊಬ್ಬ, "ಜಗಳೂರಿನೋರು ಬಿಡ್ರಿ, ಏನ್ ಹಾಕಿದ್ರೂ ಉಣ್ತಾರೆ" ಎಂದ. ಅವ್ವ ಎಲೆ ಬಿಟ್ಟು ಎದ್ದಳು. ಆಮೇಲೆ ನನ್ನನ್ನು ನೋಡಬೇಕೆನಿಸಿದಾಗಲೆಲ್ಲ ಹೊನ್ನಾಳಿ ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಬರುತ್ತಿದ್ದಳು. ಬೆಂಚಿನ ಮೇಲೆ ಕೂತು, ತಾನು ಕಟ್ಟಿ ತಂದ ರೊಟ್ಟಿಯನ್ನು ನನಗೆ ಉಣ್ಣಿಸಿ, ನನ್ನ ಅತ್ತೆಯಿಂದ ಹಿಡಿದು ಆ ಮನೆಯ ಎಮ್ಮೆಯವರೆಗೆ ಎಲ್ಲರಿಗೂ ಮಂಗಳಾರತಿ ಎತ್ತಿ, ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತಿದ್ದಳು.

ಅವಳ ಬೈಗುಳಕ್ಕೆ ಒಂದು ರುಚಿ ಇತ್ತು. ಅವಳಿಗೆ ಗೊತ್ತಾಗದಂತೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದೆ. ಗೊತ್ತಾದ ಮೇಲೆ ಅವಳೇ, "ರೆಕಾರ್ಡಿಗೆ ಹಚ್ಚಿದ್ಯಾ? ಹಚ್ಚು, ಇನ್ನೂ ಐತೆ" ಎನ್ನುತ್ತಿದ್ದಳು. ಹಿಂದೆ ಕಂಡಕ್ಟರ್ "ಹರಿಹರ, ಹರಿಹರ" ಎಂದು ಕೂಗುವುದೂ, ಅವನಿಗೂ ಅವ್ವ ಒಂದು ಬೈಗುಳ ಬಿಗಿಯುವುದೂ ಅದರಲ್ಲಿದ್ದವು. ಫೋನು ತುಂಬಿದಾಗಲೆಲ್ಲ ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸಿ ಫೋನಿನಿಂದ ಅಳಿಸುತ್ತಿದ್ದೆ. ಇನ್ನೊಂದು ಕಾಪಿ ಪೆನ್‌ಡ್ರೈವಿನಲ್ಲಿತ್ತು. ಗಂಡನ ಮನೆಯವರು ಅದನ್ನು ಖಾಲಿ ಮಾಡಿ ಟ್ರ್ಯಾಕ್ಟರಿಗೆ ಹಾಡು ತುಂಬಿಸಿಕೊಂಡರು. ಏನಿತ್ತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದಾದರೂ ಏನು? ನಿಮ್ಮ ವಂಶವನ್ನೆಲ್ಲ ನನ್ನ ಅವ್ವ ಜಾಲಾಡಿದ್ದು ಎಂದೇ? ಅವ್ವ ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಅವಳ ವರ್ಷದ ಕಾರ್ಯಕ್ಕೆಂದು ಜಗಳೂರಿಗೆ ಹೋದೆ. ಗಂಡ ಬರಲಿಲ್ಲ, ಹೊಲದಲ್ಲಿ ಕೆಲಸವಂತೆ. ತಿರುಗಿ ಬಂದಾಗ ಲ್ಯಾಪ್‌ಟಾಪು ಪಡಸಾಲೆಯಲ್ಲಿ ಬೋರಲು ಬಿದ್ದಿತ್ತು, ಹಿಂದಿನ ಮುಚ್ಚಳ ಬಿಚ್ಚಿ ಪಕ್ಕದಲ್ಲಿಟ್ಟಿದ್ದರು.

"ಶುರುವಾಗಾಕೆ ಎಷ್ಟೊತ್ತು ತಗೊಳ್ತಿತ್ತಲ್ಲ, ಅದಕ್ಕೇ ಹೊಸ ಡಿಸ್ಕ್ ತಂದು ಹಾಕೀನಿ" ಎಂದ ಗಂಡ, ಬಹುಮಾನ ಕೊಡುವವನಂತೆ. "ಈಗ ನೋಡಿದ್ರೆ ಶುರುನೇ ಆಗ್ತಿಲ್ಲ. ನಿನ್ ಲ್ಯಾಪ್‌ಟಾಪೇ ಸರಿ ಇಲ್ಲ."

"ಹಳೇ ಡಿಸ್ಕ್ ಎಲ್ಲಿ ಐತ್ರೀ?"

"ಅಣ್ಣನ ಹತ್ರ ಐತೆ. ಎಲ್ಲಿಗೋಗ್ತೈತೆ ಅದು?"

ನ್ಯಾಮತಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು ನಾನು. ಈ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನ್ನನ್ನೇ ಕೂಗುತ್ತಾರೆ. ನನ್ನದೇ ಲ್ಯಾಪ್‌ಟಾಪಿನ ಹೊಟ್ಟೆಗೆ ಕೈ ಹಾಕುವಾಗ ಮಾತ್ರ ಒಂದು ಮಾತು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಸಿಟ್ಟನ್ನು ನುಂಗಿಕೊಂಡು ಕೂತೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಶುರು ಮಾಡಲು ಒಳಗೆ ಡಿಸ್ಕೇ ಇಲ್ಲ ಎನ್ನುತ್ತಿತ್ತು. ಬ್ಯಾಟರಿ ತೆಗೆದು, ಹೊಸ ಡಿಸ್ಕನ್ನು ಹೊರಗೆಳೆದು ನೋಡಿದರೆ ಅದನ್ನು ಪೂರ್ತಿ ಒಳಗೆ ಒತ್ತಿಯೇ ಇರಲಿಲ್ಲ. ಅರೆಬರೆ ಸಿಕ್ಕಿಸಿ ಸ್ಕ್ರೂ ಬಿಗಿದಿದ್ದರು. ಸರಿಯಾಗಿ ಕೂರಿಸಿದೆ. ಶುರುವಾಗುವ ಮುಂಚೆ ಬರುವ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಕಾಣಿಸಿತು, ಆದರೂ ಶುರುವಾಗಲಿಲ್ಲ. ಆಗುವುದಾದರೂ ಹೇಗೆ? ಹೊಸ ಡಿಸ್ಕು ಖಾಲಿ ಡಬ್ಬಿ. ವಿಂಡೋಸ್ ಹಾಕಬೇಕು ಎಂದೆ. "ಹೊಸ ಮೊಬೈಲ್ ತಂದ್ರೆ ಹಂಗೇ ಶುರುವಾಗಲ್ವಾ?" ಎಂದ ಗಂಡ.

ಟ್ರ್ಯಾಕ್ಟರಿನಿಂದ ಪೆನ್‌ಡ್ರೈವ್ ಕಿತ್ತುಕೊಂಡು ಶಾಲೆಗೆ ಒಯ್ದೆ. ಅದರೊಳಗಿನ ಹಾಡುಗಳನ್ನೆಲ್ಲ ಅಳಿಸುವಾಗ ಖುಷಿಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವಿಂಡೋಸ್ ತುಂಬಿಸಿ ತಂದು ಸಿಕ್ಕಿಸಿದರೆ ಲ್ಯಾಪ್‌ಟಾಪು ಅದನ್ನೂ ಮೂಸಿ ನೋಡಲಿಲ್ಲ. ಮತ್ತೆ ಸೆಟ್ಟಿಂಗ್ಸ್‌ಗೆ ಹೋಗಿ, ಮೊದಲು ಪೆನ್‌ಡ್ರೈವನ್ನೇ ಓದುವಂತೆ ಬದಲಿಸಿದ ಮೇಲೆ ಕೊನೆಗೆ ವಿಂಡೋಸ್ ಹಾಕುವ ನೀಲಿ ಪರದೆ ಬಂತು. ಗಂಡ "ಅಬ್ಬಾ" ಎಂದು ಬೆನ್ನು ತಟ್ಟಿದ. ನನಗೆ ಬೇಕಾದದ್ದು ಆ ಶಹಬ್ಬಾಸ್‌ಗಿರಿ ಅಲ್ಲ. ಹಳೆಯ ಡಿಸ್ಕನ್ನು ಒಂದು ಕೇಬಲ್ಲಿಗೆ ಸಿಕ್ಕಿಸಿ ಅವ್ವನನ್ನು ಹೊಸದಕ್ಕೆ ಇಳಿಸಿಕೊಂಡರೆ ಸಾಕಿತ್ತು. ಅದನ್ನು ಕೇಳಲು ಭಾವನನ್ನು ಹುಡುಕಿಕೊಂಡು ಹೊಲಕ್ಕೆ ಹೋದೆ.

ಭಾವ ಎಂದರೆ ಗಂಡನ ಅಣ್ಣ. ಕೆಟ್ಟವರಲ್ಲ, ಕೈಗೆ ಸಿಕ್ಕಿದ್ದನ್ನು ಬಿಚ್ಚದೆ ಬಿಡುವ ಜಾಯಮಾನದವರೂ ಅಲ್ಲ. ಮೆಕ್ಕೆಜೋಳ ಹಾಲುಗಾಳಾಗಿತ್ತು. ಗಿಳಿಗಳ ಕಾಟಕ್ಕೆ ಈ ಕಡೆ ಮೊದಲು ಕ್ಯಾಸೆಟ್ಟಿನ ರೀಲು ಎಳೆದು ಕಟ್ಟುತ್ತಿದ್ದರು, ಆಮೇಲೆ ಸಿ.ಡಿ. ಬಂತು. ಹಿಂದಿನ ವರ್ಷ ನಮ್ಮ ಮದುವೆಯ ಸಿ.ಡಿ.ಯನ್ನು ನಾನೇ ಸಂತೋಷದಿಂದ ಕೊಟ್ಟಿದ್ದೆ.

"ಭಾವ, ಲ್ಯಾಪ್‌ಟಾಪಿನ ಹಳೇ ಡಿಸ್ಕ್ ನಿಮ್ಮ ಹತ್ರ ಐತಂತೆ."

"ಕೆಟ್ಟೋಗೈತೆ ಅಂದ್ನಲ್ಲ ತಮ್ಮ, ಬಿಚ್ಚಿ ನೋಡ್ದೆ ಕಣವ್ವ. ಒಳಗೆ ಏನ್ ಹೊಳಪು ಅಂತೀಯ! ಸಿ.ಡಿ. ಅದರ ಮುಂದೆ ಏನೂ ಅಲ್ಲ. ಅಗೋ, ನೋಡಲ್ಲಿ."

ಬದುವಿನ ಮೇಲೆ ಕೋಲೊಂದಕ್ಕೆ ದಾರ ಕಟ್ಟಿ ಇಳಿಬಿಟ್ಟಿದ್ದರು. ಡಿಸ್ಕಿನೊಳಗಿನ ಕನ್ನಡಿಯಂಥ ಪುಟ್ಟ ಬಿಲ್ಲೆ ಗಾಳಿಗೆ ತಿರುಗುತ್ತ ಬಿಸಿಲನ್ನು ಕಣ್ಣಿಗೆ ಹೊಡೆಯುತ್ತಿತ್ತು. ಹತ್ತಿರ ಹೋದೆ. ಮೈತುಂಬ ಬೆರಳಚ್ಚು, ಧೂಳು, ದಾರ ಪೋಣಿಸುವಾಗ ಮೊಳೆ ಗೀಚಿದ ಗೆರೆಗಳು. ಇನ್ನು ಯಾರಿಂದಲೂ ಅದನ್ನು ಓದಿಸಲಾಗದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಪಾಠದಲ್ಲಿ ಅದೇ ಬಿಲ್ಲೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸುವವಳು ನಾನೇ ತಾನೆ.

"ಅದರೊಳಗೆ ನಮ್ಮವ್ವ ಮಾತಾಡಿದ್ದು ಇತ್ತು ಭಾವ. ಬೇರೆ ಎಲ್ಲೂ ಇಲ್ಲ" ಎಂದೆ. ಭಾವ ತಲೆಗೆ ಸುತ್ತಿದ ಟವಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಮಗೇನ್ ಗೊತ್ತಿತ್ತವ್ವ? ನಿಮ್ಮವ್ವಾರು ನಮ್ಮ ಹೊಲ ಕಾಯಾಕೆ ಬಂದಾರೆ ಅಂದ್ಕೋ. ಇದನ್ನ ಕಟ್ಟಿದ ಮೇಲೆ ಒಂದು ಗಿಳಿನೂ ಬಂದಿಲ್ಲ. ತೆನೆ ಮುರಿಯೋ ತನಕ ಇರ್ಲಿ ಬಿಡು."

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಒಂದು ಕಾಳಿನಷ್ಟೂ ಕುಹಕ ಇರಲಿಲ್ಲ. ಅದಕ್ಕೇ ಮೈಯೆಲ್ಲ ಉರಿಯಿತು. ಬದುಕಿದ್ದಷ್ಟು ದಿನ ಈ ಮನೆಯ ಹೊಸಿಲು ತುಳಿಯದವಳನ್ನು ಸತ್ತ ಮೇಲೆ ಹಿಡಿದು ತಂದು ಕಾವಲಿಗೆ ಕಟ್ಟಿದ್ದರು. ದಾರವನ್ನು ಹಲ್ಲಿನಿಂದ ಕಡಿದು ಬಿಲ್ಲೆಯನ್ನು ಸೆರಗಿಗೆ ಹಾಕಿಕೊಂಡು ಮನೆಗೆ ನಡೆದೆ.

ಆ ಬದುವಿಗೆ ಗಿಳಿ ಬಿದ್ದವೆಂದು ತೆನೆ ಮುರಿಯುವವರೆಗೂ ಮನೆಯಲ್ಲಿ ಗೊಣಗಾಟ. "ಬೀಳಲಿ, ಒಂದು ತೆನೆನೂ ಬಿಡದಂಗೆ ತಿನ್ನಲಿ" ಎಂದು ಅಡುಗೆಮನೆಯಿಂದ, ಎಲ್ಲರಿಗೂ ಕೇಳಿಸುವಂತೆ ಅಂದೆ.