ನಮ್ಮ ಮನೆಯ ಮೇಲೆ ಇಂಟು ಗುರುತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಒಂದು ದಿನ ರೈಲು ಹತ್ತಿತು. ಮನೆ ಎಂದರೆ ಗೋಡೆ, ಹೆಂಚು ಅಲ್ಲ. ಅವ್ವನ ಒರಳುಕಲ್ಲು, ರಾಗಿಯ ಗುಡಾಣ, ಹಿತ್ತಾಳೆ ಹಂಡೆ, ಅಪ್ಪನ ಹಗ್ಗದ ಮಂಚ, ಅಕ್ಕನ ಪುಸ್ತಕದ ತಗಡಿನ ಪೆಟ್ಟಿಗೆ, ಕೊನೆಗೆ ನಮ್ಮ ಹಸು ಗೌರಿ, ಎಲ್ಲವೂ ಒಂದೇ ಗೂಡ್ಸ್ ಡಬ್ಬಿಯೊಳಗೆ ಸೇರಿಕೊಂಡವು. ಆಗ ರೈಲ್ವೆ ಕೆಲಸದವರಿಗೆ ವರ್ಗವಾದರೆ ಸಾಮಾನು ಸಾಗಿಸಲು ಒಂದು ಇಡೀ ಡಬ್ಬಿಯನ್ನೇ ಕೊಡುತ್ತಿದ್ದರು. ಹಸು ಇದ್ದವರು ಹಸುವನ್ನೂ ಅದರಲ್ಲೇ ಕಟ್ಟಿಕೊಂಡು ಹೋಗುತ್ತಿದ್ದರು. ಅಪ್ಪನಿಗೆ ಚನ್ನಪಟ್ಟಣದಿಂದ ಅರಸೀಕೆರೆಗೆ ವರ್ಗವಾಗಿತ್ತು.

ಅಪ್ಪ ಚನ್ನಪಟ್ಟಣದ ಗೂಡ್ಸ್ ಯಾರ್ಡಿನಲ್ಲಿ ಶಂಟಿಂಗ್ ಜಮೇದಾರರಾಗಿದ್ದರು. ಶಂಟಿಂಗ್ ಎಂದರೆ ಏನೆಂದು ನಿಮಗೆ ಗೊತ್ತಿರಲಾರದು. ದೂರದ ಊರುಗಳಿಗೆ ಹೋಗುವ ಎಂಜಿನ್ನುಗಳ ಜಂಬವೇ ಬೇರೆ. ಯಾರ್ಡಿನ ಶಂಟಿಂಗ್ ಎಂಜಿನ್ ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅರ್ಧ ಮೈಲಿಯೊಳಗೇ ಹಿಂದಕ್ಕೂ ಮುಂದಕ್ಕೂ ಓಡಾಡಿ, ಈ ಸಾಲಿನ ಡಬ್ಬಿಯನ್ನು ಆ ಸಾಲಿಗೆ ಸೇರಿಸಿ, ಗೂಡ್ಸ್ ಗಾಡಿ ಬರುವ ಹೊತ್ತಿಗೆ ಎಲ್ಲವನ್ನೂ ಜೋಡಿಸಿ ಇಡುವುದೇ ಅದರ ಕೆಲಸ. ಗಿಡ್ಡ ಚಿಮಣಿ, ಮೈಯೆಲ್ಲ ಎಣ್ಣೆ ಮಸಿ, ನಿಂತಾಗ ಉಸ್ಸೆಂದು ಬಿಡುವ ಬಿಸಿ ಉಸಿರು. ಇಡೀ ದಿನ ಓಡಾಡಿದರೂ ಎಲ್ಲೂ ಹೋಗದ ಅದು ನಮ್ಮ ಅವ್ವನ ಹಾಗೆಯೇ ಎಂದು ಅಕ್ಕ ಹೇಳುತ್ತಿದ್ದಳು. ಅವ್ವನ ಮುಂದೆ ಮಾತ್ರ ಹೇಳುತ್ತಿರಲಿಲ್ಲ.

ಆ ಕೆಲಸದಲ್ಲಿ ನಮಗೆ ಬಹಳ ಇಷ್ಟವಾದ ಒಂದು ಆಟವಿತ್ತು. ಎಂಜಿನ್ ಡಬ್ಬಿಯ ಹಿಂದೆ ನಿಲ್ಲುತ್ತಿತ್ತು. ಜಮೇದಾರರು ನಡುವಿನ ಕೊಕ್ಕೆ ಬಿಡಿಸಿ ಕೈಬೀಸುತ್ತಿದ್ದರು. ಎಂಜಿನ್ ಒಂದು ನೂಕು ನೂಕಿ ತಾನು ತಟ್ಟನೆ ನಿಂತುಬಿಡುತ್ತಿತ್ತು. ಡಬ್ಬಿ ಮಾತ್ರ ತನ್ನಷ್ಟಕ್ಕೆ ತಾನು ಉರುಳಿಕೊಂಡು ಹೋಗಿ, ದೂರದಲ್ಲಿ ನಿಂತ ಡಬ್ಬಿಗಳಿಗೆ ಧಡಾರೆಂದು ಡಿಕ್ಕಿ ಹೊಡೆಯುತ್ತಿತ್ತು. ಆ ಸದ್ದಿಗೆ ಹೊಂಗೆ ಮರದ ಕಾಗೆಗಳೆಲ್ಲ ಹಾರುತ್ತಿದ್ದವು. ಒಳಗೆ ರಾಮನಗರದ ಕಲ್ಲು ಚಪ್ಪಡಿಯಿದ್ದರೂ ಅಷ್ಟೆ, ಬಿದಿರು ಬೊಂಬಿದ್ದರೂ ಅಷ್ಟೆ. ನಮ್ಮೂರಿನ ಬೊಂಬೆಗಳ ಪೆಟ್ಟಿಗೆಗಳಿಗೂ ಅದೇ ಮರ್ಯಾದೆ, ಮರದ ಬೊಂಬೆಗೆ ಪೆಟ್ಟಾಗುವುದಿಲ್ಲವಲ್ಲ.

ಅಪ್ಪ ಕೆಲಸದಲ್ಲಿ ಬಾಯಿ ಬಿಡುತ್ತಿದ್ದುದೇ ಕಡಿಮೆ, ಎಲ್ಲವೂ ಕೈಯಲ್ಲೇ. ಒಂದು ಕೈ ಹೀಗೆ ಬೀಸಿದರೆ ಮುಂದಕ್ಕೆ ಬಾ, ಹಾಗೆ ಬೀಸಿದರೆ ಹಿಂದಕ್ಕೆ ಹೋಗು. ಎರಡೂ ಕೈಗಳನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದರೆ, ಇದ್ದಲ್ಲೇ ನಿಲ್ಲು. ಮನೆಯ ಮುಂದೆ ನಾವೂ ಅದನ್ನೇ ಆಡುತ್ತಿದ್ದೆವು. ಅಕ್ಕ ಎಂಜಿನ್ ಆಗುತ್ತಿದ್ದಳು, ನಾನು ಜಮೇದಾರಳಾಗುತ್ತಿದ್ದೆ. ನಾನು ಕೈಯೆತ್ತಿದರೂ ಅಕ್ಕ ಬೇಕೆಂದೇ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಿದ್ದಳು. ನನಗೆ ಆಗಲೂ ಮೂಗಿನ ತುದಿಯಲ್ಲೇ ಕೋಪ. ದಿನವೂ ಆ ಆಟ ಜಗಳದಲ್ಲೇ ಮುಗಿಯುತ್ತಿತ್ತು.

ಇನ್ನು ಗೌರಿಯ ವಿಷಯ ಹೇಳಬೇಕು. ಅದು ಅವ್ವನ ತವರಿನ ಹಸು. ಗುಡೇಮಾರನಹಳ್ಳಿಯಿಂದ ಕರುವಾಗಿದ್ದಾಗಲೇ ಬಂದದ್ದು. ಹಿಂದಿನ ವರ್ಷ ಕಟ್ಟೆಯ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದು, ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿಬಿಟ್ಟಿತ್ತು. ಎರಡು ದಿನ ಅವ್ವ ಊಟವನ್ನೇ ಮಾಡಿರಲಿಲ್ಲ. ಈಗ ಗೌರಿ ಮತ್ತೆ ತುಂಬಿದ ಗಬ್ಬ. ಇನ್ನು ಎಂಟು ದಿನವೋ ಹತ್ತು ದಿನವೋ ಎನ್ನುವಾಗ ಈ ವರ್ಗದ ಕಾಗದ ಬಂತು. ಅವ್ವ ಕೆಂಗಲ್ ಆಂಜನೇಯನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. "ಈ ಸಲ ಅದಕ್ಕೇನಾರ ಆದ್ರೆ ನಾನು ಇನ್ನು ಹಸಾನೇ ಸಾಕಕಿಲ್ಲ" ಎಂದು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಹೊರಡುವ ದಿನ ಬೆಳಿಗ್ಗೆ ಡಬ್ಬಿ ಗೂಡ್ಸ್ ಷೆಡ್ಡಿನ ಕಟ್ಟೆಯ ಪಕ್ಕಕ್ಕೆ ಬಂದು ನಿಂತಿತು. ಸಾಮಾನೆಲ್ಲ ಒಂದು ಮೂಲೆಗೆ, ಗೌರಿ ಇನ್ನೊಂದು ಮೂಲೆಗೆ. ಹಲಗೆಯ ಮೇಲೆ ಅದನ್ನು ಹತ್ತಿಸಲು ಅವ್ವ ಬೆಲ್ಲ ತೋರಿಸುತ್ತ ಅದರ ಮುಂದೆ ಹಿಮ್ಮುಖವಾಗಿ ನಡೆದಳು. ಕಾಲು ಜಾರದಿರಲಿ ಎಂದು ಅಪ್ಪ ಡಬ್ಬಿಯೊಳಗೆ ಮರಳು ಹರಡಿ, ಅದರ ಮೇಲೆ ಹುಲ್ಲು ಹಾಸಿ, ಅಡ್ಡಕ್ಕೆ ಎರಡು ಬೊಂಬು ಕಟ್ಟಿದ್ದರು. ಡಬ್ಬಿಯೊಳಗೆ ಹುಲ್ಲು, ಸಗಣಿ, ಇದ್ದಿಲು, ಅವ್ವನ ಸಾರಿನ ಪುಡಿ, ಎಲ್ಲದರ ವಾಸನೆಯೂ ಕೂಡಿ ಥೇಟ್ ನಮ್ಮ ಮನೆಯ ವಾಸನೆಯೇ ಬರುತ್ತಿತ್ತು. ಆಮೇಲೆ ಅವ್ವ ಖಾಲಿ ಮನೆಯನ್ನು ಗುಡಿಸಿ ಸಾರಿಸಿ ಬರಲು ಹೋದಳು. ಅಪ್ಪ ಹೊಸ ಜಮೇದಾರರಿಗೆ ಹಸಿರು, ಕೆಂಪು ಬಾವುಟಗಳನ್ನು ಒಪ್ಪಿಸಿ, ರುಜು ಹಾಕಲು ಸ್ಟೇಷನ್ ಕೋಣೆಗೆ ಹೋದರು. ಹಸುವನ್ನು ನೋಡಿಕೊಳ್ಳಲು ನಾನೂ ಅಕ್ಕನೂ ಉಳಿದೆವು.

ಹಳಿಯ ಕಡೆಗೆ ಇಳಿಯಬಾರದೆಂದು ನಮಗೆ ಕಟ್ಟಪ್ಪಣೆ ಇತ್ತು. ಅಕ್ಕ ಹುಲ್ಲು ಹಾಕುತ್ತಿದ್ದಾಗ ನಾನು ಮೆಲ್ಲಗೆ ಇಳಿದೆ. ಈ ಒಂದು ವಿಷಯದಲ್ಲಿ ಮಾತ್ರ ನೀವು ನನ್ನಂತಾಗಬೇಡಿ. ಡಬ್ಬಿಯ ಆ ಪಕ್ಕವನ್ನು ನೋಡಿ ನನಗೆ ಮೈ ಉರಿದುಹೋಯಿತು. ಮುಚ್ಚಿದ ಬಾಗಿಲಿನ ಪಕ್ಕ, ನನ್ನ ಕೈಗೆಟುಕುವ ಎತ್ತರದಲ್ಲಿ, ಯಾರೋ ಸೀಮೆಸುಣ್ಣದಿಂದ ದೊಡ್ಡದೊಂದು ಇಂಟು ಗುರುತು ಹಾಕಿದ್ದರು. ಪಕ್ಕದ ಎರಡು ಡಬ್ಬಿಗಳನ್ನು ನೋಡಿದೆ. ಒಂದರಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಬೊಂಬೆ ಪೆಟ್ಟಿಗೆ. ಅವಕ್ಕೆ ಯಾವ ಗುರುತೂ ಇರಲಿಲ್ಲ.

ಎರಡನೇ ಕ್ಲಾಸಿನ ಹುಡುಗಿಗೆ ಇಂಟು ಗುರುತು ಎಂದರೆ ಒಂದೇ ಅರ್ಥ. ಲೆಕ್ಕ ತಪ್ಪಾದಾಗ ಮೇಷ್ಟ್ರು ಸ್ಲೇಟಿನ ಮೇಲೆ ಎಳೆಯುತ್ತಿದ್ದುದು ಅದನ್ನೇ. ನನ್ನ ಸ್ಲೇಟಿಗೂ ಅದಕ್ಕೂ ಹಳೆಯ ಸ್ನೇಹ. ಹುಣಸೆಹಣ್ಣು ಸರಿ, ಬೊಂಬೆ ಸರಿ, ನಮ್ಮ ಮನೆ ಮಾತ್ರ ತಪ್ಪೇ? ಅಂಗೈಗೆ ಉಗುಳು ಹಚ್ಚಿ, ಲಂಗದ ಅಂಚಿನಿಂದ ಉಜ್ಜಿ ಉಜ್ಜಿ ಒಂದು ಗೆರೆಯೂ ಉಳಿಯದಂತೆ ಒರೆಸಿದೆ. ಸೀಮೆಸುಣ್ಣದ ತುಂಡೊಂದು ಅಲ್ಲೇ ಜಲ್ಲಿಯ ಮೇಲೆ ಬಿದ್ದಿತ್ತು. ಅದೇ ಜಾಗದಲ್ಲಿ ದುಂಡಗೆ 'ನಮ್ಮ ಮನೆ' ಎಂದು ಬರೆದೆ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಹೆಮ್ಮೆಯಿಂದ ಕಟ್ಟೆ ಹತ್ತಿ ಬಂದೆ.

ಗೌರಿಗೆ ನೀರು ಬೇಕಾಗಿತ್ತು. ನಾವಿಬ್ಬರೂ ಷೆಡ್ಡಿನ ಆಚೆ ತುದಿಯ ನಲ್ಲಿಗೆ ಹೋದೆವು. ಬಕೀಟು ತುಂಬುವಷ್ಟರಲ್ಲಿ ಎಂಜಿನ್ ಬಂದು ನಮ್ಮ ಡಬ್ಬಿಯನ್ನೂ ಪಕ್ಕದ ಎರಡನ್ನೂ ಎಳೆದುಕೊಂಡು ಹೊರಟಿತು. ನಾನು ಗಾಬರಿಯಾದೆ. ಅಕ್ಕ ಮಾತ್ರ ಅರ್ಧ ತುಂಬಿದ ಬಕೀಟಿನ ಮುಂದೆ ಆರಾಮಾಗಿ ಕುಳಿತಿದ್ದಳು. ಸಾಲು ಬದಲಾಯಿಸುತ್ತಾರೆ, ಹೆದರಬೇಡ ಎಂದಳು. ಹಾಗೆಯೇ ಮಾತು ಮುಂದುವರಿಸಿದಳು. "ನಮ್ಮ ಡಬ್ಬಿನ ನೂಕಿಬುಡಾಕಿಲ್ಲ ಕಣೆ. ಅಪ್ಪ ಇಂಟು ಹಾಕವ್ರಲ್ಲ. ಇಂಟು ಇದ್ರೆ ಎಂಜಿನ್ನೇ ಕೊನೇವರ್ಗೂ ಹಿಡ್ಕೊಂಡು ಹೋಗಿ ಮೆಲ್ಲಗೆ ನಿಲ್ಲುಸ್ಬೇಕು."

ಮಕ್ಕಳೇ, ನಾನು ಒರೆಸಿ ಬಂದದ್ದು ಅದನ್ನೇ. ಅಕ್ಕನಿಗೆ ಹೇಳುತ್ತ ನಿಲ್ಲಲಿಲ್ಲ. ಕಟ್ಟೆಯ ಉದ್ದಕ್ಕೂ ಓಡಿದೆ. ಬಿಸಿಲಿಗೆ ಕಾದ ಕಲ್ಲು ಅಂಗಾಲನ್ನು ಸುಡುತ್ತಿತ್ತು. ಅಷ್ಟು ಹೊತ್ತಿಗೆ ಎಂಜಿನ್ ಸಾಲು ಬದಲಾಯಿಸಿ ಹಿಂದಕ್ಕೆ ನೂಕಲು ಶುರುಮಾಡಿತ್ತು. ಬೊಂಬೆಯ ಡಬ್ಬಿ ಆಗಲೇ ಒಂಟಿಯಾಗಿ ಉರುಳಿಹೋಗಿ, ಕಲ್ಲು ತುಂಬಿದ ಡಬ್ಬಿಗಳಿಗೆ ಧಡಾರೆಂದು ಬಡಿಯಿತು. ಹುಣಸೆಹಣ್ಣಿನದೂ ಹೋಗಿ ಬಡಿಯಿತು. ಎಂಜಿನ್ನಿನ ಮುಂದೆ ಉಳಿದದ್ದು ನಮ್ಮದೊಂದೇ. ಹೊಸ ಜಮೇದಾರರು ಡಬ್ಬಿಯ ಪಕ್ಕವನ್ನು ಒಮ್ಮೆ ನೋಡಿದರು. ಯಾವುದೋ ಮಗು ಗೀಚಿದ ಅಕ್ಷರ, ಇಂಟು ಇಲ್ಲ. ಬಾಗಿ ಕೊಕ್ಕೆ ಬಿಡಿಸಿದರು. ಕೈಬೀಸಿದರು. ಎಂಜಿನ್ ನೂಕಲು ತೊಡಗಿತು.

ಕಟ್ಟೆಯ ತುದಿಯಲ್ಲಿ ಖಾಲಿ ಪೆಟ್ಟಿಗೆಗಳ ರಾಶಿಯಿತ್ತು. ಅದರ ಮೇಲೆ ಹತ್ತಿ ನಿಂತು, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿದೆ. ಕೂಗಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲವೆಂದು ಅಪ್ಪ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿಕೊಂಡು, ಕೈ ಇಳಿಸದೆ ನಿಂತೆ. ಅಕ್ಕ ಎರಡು ಹೆಜ್ಜೆ ಮುಂದೆ ಬಂದೇ ನಿಲ್ಲುತ್ತಿದ್ದುದು ನೆನಪಾಯಿತು. ಈ ಎಂಜಿನ್ನೂ ಹಾಗೆಯೇ ಮಾಡಿದರೆ?

ಉಸ್ಸೆಂಬ ದೊಡ್ಡ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಎಲ್ಲೆಲ್ಲೂ ಬಿಳಿ ಹಬೆ. ಎಂಜಿನ್ ನಿಂತಿತ್ತು. ನಮ್ಮ ಡಬ್ಬಿ ಇನ್ನೂ ವೇಗ ಹಿಡಿದಿರಲಿಲ್ಲ. ಎರಡು ಮಾರು ಮುಂದಕ್ಕೆ ಉರುಳಿದ್ದನ್ನು ಹೊಸ ಜಮೇದಾರರು ಬ್ರೇಕಿನ ಹಿಡಿಯ ಮೇಲೆ ಹತ್ತಿ ನಿಂತು ನಿಲ್ಲಿಸಿದರು. ಒಳಗಿನಿಂದ ಗೌರಿ ಅಂಬಾ ಎಂದಿತು. ಆ ಕೂಗು ಕೇಳಿ ಅವರ ಮುಖವೇ ಬಿಳುಚಿಕೊಂಡಿತು. ಒಳಗೆ ಹಸು ಇರುವುದು ಅವರಿಗೆ ಗೊತ್ತೇ ಇರಲಿಲ್ಲ. ಹೆದರಿಕೆಯೇ ಕೋಪವಾಗಿ ನನ್ನ ಕಡೆಗೆ ತಿರುಗಿತು. ಆಟವಾಡಲು ಇದೇ ಜಾಗವೇ ಎಂದು ಗದರಿದರು, ಮಗು ಕೈಯೆತ್ತಿದರೆ ಯಾಕೆ ನಿಲ್ಲಿಸಿದಿರಿ ಎಂದು ಡ್ರೈವರನ್ನೂ ಕೇಳಿದರು. ಡ್ರೈವರು ಹೊಗೆ ಕುಡಿದು ಕಪ್ಪಾದ ಮುದುಕರು. ಎಂಜಿನ್ನಿನ ಕಿಟಕಿಯಿಂದಲೇ ನಿಧಾನವಾಗಿ ಹೇಳಿದರು. "ಎರಡು ಕೈ ಮೇಲಿತ್ತು, ನಿಲ್ಲಿಸ್ದೆ. ಯಾರ ಕೈ ಅಂತ ಆಮೇಕೆ ನೋಡೋದು."

ಅಷ್ಟರಲ್ಲಿ ಅಪ್ಪ ಸ್ಟೇಷನ್ ಕಡೆಯಿಂದ ಓಡಿ ಬಂದರು. ಅವರ ಹಿಂದೆ ಅಕ್ಕ, ನಾನು ಓಡಿದ್ದನ್ನು ನೋಡಿ ಬಕೀಟನ್ನು ಅಲ್ಲೇ ಬಿಟ್ಟು ಅಪ್ಪನನ್ನು ಕರೆಯಲು ಹೋಗಿದ್ದಳು. ನಾನು ಇನ್ನೂ ಕೈ ಇಳಿಸಿರಲಿಲ್ಲ. ಅಪ್ಪ ನನ್ನನ್ನು ಪೆಟ್ಟಿಗೆಯ ಮೇಲಿನಿಂದ ಇಳಿಸಿ, ಕೈಗಳನ್ನು ತಾವೇ ಕೆಳಗೆ ಮಾಡಿದರು. ಆಗ ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಇಂಟು ಒರೆಸಿದವಳು ನಾನೇ, ನಮ್ಮ ಮನೆ ತಪ್ಪು ಎಂದು ಯಾರೋ ಬರೆದಿದ್ದಾರೆ ಎಂದುಕೊಂಡೆ ಎಂದೆ.

ಏಟು ಬೀಳುತ್ತದೆ ಎಂದು ಕಾದೆ. ಅಪ್ಪ ಹೊಡೆಯಲಿಲ್ಲ. ಹಳಿಯ ಆಚೆ ಈಚೆ ನೋಡಿ, ನನ್ನನ್ನು ಎತ್ತಿಕೊಂಡೇ ಡಬ್ಬಿಯ ಹತ್ತಿರ ಹೋದರು. 'ನಮ್ಮ ಮನೆ' ಎಂಬುದನ್ನು ಓದಿದರು. ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ಕೈಗೆ ಕೊಟ್ಟರು.

"ಅದು ತಪ್ಪು ಅಂತಲ್ಲ ಕಣವ್ವ. ಒಳಗೆ ಜೀವ ಐತೆ, ಒಸಿ ನಿಧಾನ ಅಂತ. ನೀನೇ ಬರಿ."

ನಾನು ಮೊದಲು ನನ್ನ ಅಕ್ಷರಗಳನ್ನು ಒರೆಸಲು ಹೋದೆ. ಅಪ್ಪ ನನ್ನ ಕೈ ಹಿಡಿದು, ಅದೂ ಇರಲಿ, ಅದರ ಮೇಲುಗಡೆ ಜಾಗವಿದೆಯಲ್ಲ ಎಂದರು. ಅವರ ತೋಳಿನ ಮೇಲೆ ಕುಳಿತು, 'ನಮ್ಮ ಮನೆ'ಯ ಮೇಲೆ ದೊಡ್ಡದಾಗಿ ಇಂಟು ಹಾಕಿದೆ. ಒಂದು ಗೆರೆ ಸೊಟ್ಟಗಾಯಿತು.

ಆಮೇಲೆ ಆ ಎಂಜಿನ್ ನಡೆದದ್ದನ್ನು ನೀವು ನೋಡಬೇಕಿತ್ತು. ಅಷ್ಟು ಭಾರದ ಕಬ್ಬಿಣ, ತುಂಬಿದ ಕೊಡ ಹೊತ್ತ ಹೆಂಗಸಿನ ಹಾಗೆ ಹೆಜ್ಜೆ ನೋಡಿ ನೋಡಿ ಇಟ್ಟಿತು. ಅಪ್ಪ ಡಬ್ಬಿಯ ಮೇಲೆ ಕೈಯಿಟ್ಟು ಜೊತೆಯಲ್ಲೇ ನಡೆದರು. ನಾನೂ ಅಕ್ಕನೂ ಕಟ್ಟೆಯ ಮೇಲಿಂದ ನೋಡಿದೆವು. ಕಲ್ಲಿನ ಡಬ್ಬಿಗೆ ನಮ್ಮ ಡಬ್ಬಿ ತಾಗಿದಾಗ ಮರದ ಕಾಗೆ ಕೂಡ ಹಾರಲಿಲ್ಲ. ಗೌರಿ ಬಾಯಾಡಿಸುತ್ತಲೇ ಇತ್ತು. ಅವ್ವನಿಗೆ ಈ ಸಂಗತಿ ಹೇಳುವುದು ಬೇಡವೆಂದು ಅಪ್ಪ ಹೇಳಿದರು. ಅಪ್ಪನೂ ಅವ್ವನಿಗೆ ಹೆದರುತ್ತಾರೆಂದು ನನಗೆ ಅವತ್ತು ತಿಳಿಯಿತು.

ಅರಸೀಕೆರೆ ಸೇರಿದ ಆರನೆಯ ದಿನ ಗೌರಿ ಹೆಣ್ಣುಕರು ಹಾಕಿತು. ಗಿಣ್ಣು ಕಾಯಿಸಿದ ಅವ್ವ ಮೊದಲ ತುಂಡನ್ನು ನನಗೇ ಕೊಟ್ಟಳು. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ. ಅಕ್ಕ ಹೇಳಿಬಿಟ್ಟಿದ್ದಳೆಂದು ಈಗಲೂ ನನ್ನ ಅನುಮಾನ.

ಮದುವೆಯಾಗಿ ನಾನು ಮತ್ತೆ ಇದೇ ಚನ್ನಪಟ್ಟಣಕ್ಕೆ ಬಂದೆ. ಈಗ ಇಲ್ಲಿ ಜೋಡಿ ಹಳಿ, ಮೇಲೆ ಕರೆಂಟಿನ ತಂತಿ. ರೈಲುಗಳು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಎಲ್ಲಿಗೂ ಹೋಗದ ಆ ಎಂಜಿನ್ ಎಲ್ಲಿಗೆ ಹೋಯಿತೋ. ಈಗ ನಮ್ಮ ಮನೆಗೆ ದಿನಕ್ಕೊಂದು ಪಾರ್ಸೆಲ್ ಬರುತ್ತದೆ. ಪೆಟ್ಟಿಗೆಯ ಮೇಲೆ ಜೋಪಾನ ಎನ್ನುವ ಗಾಜಿನ ಲೋಟದ ಚಿತ್ರ ಅಚ್ಚಾಗಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ತಂದವರು ಗೇಟಿನ ಮೇಲಿಂದಲೇ ಎಸೆದು ಹೋಗುತ್ತಾರೆ.

ಹೋದ ವಾರ ಮೊಮ್ಮಗಳು ಲೆಕ್ಕದ ಪುಸ್ತಕವನ್ನು ದಿಂಬಿನ ಕೆಳಗೆ ಬಚ್ಚಿಟ್ಟು, ಊಟ ಬೇಡವೆಂದು ಮಲಗಿದ್ದಳು. ತೆಗೆದು ನೋಡಿದರೆ ಪುಟದ ತುಂಬ ಕೆಂಪು ಇಂಟು. ಅವಳನ್ನು ಎಬ್ಬಿಸಲೆಂದೇ ಈ ಕಥೆ ಹೇಳಿದೆ. ಕಥೆ ಮುಗಿಯುವ ಹೊತ್ತಿಗೆ ಎರಡು ದೋಸೆ ತಿಂದಿದ್ದಳು. ಲೆಕ್ಕ ಮಾತ್ರ ತಪ್ಪೇ ಆಗಿತ್ತು, ಅದನ್ನು ಇಬ್ಬರೂ ಕೂತು ಸರಿಮಾಡಿದೆವು.

ನನಗೆ ಮಂಡಿಯ ಆಪರೇಷನ್ ಆಗಿ ಇನ್ನೂ ಒಂದು ತಿಂಗಳಾಗಿಲ್ಲ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಮೊಮ್ಮಕ್ಕಳಿಬ್ಬರೂ ಬಾಗಿಲನ್ನು ಧಡಾರೆಂದು ತಳ್ಳಿಕೊಂಡು ಮಂಚಕ್ಕೆ ಬಂದು ಬೀಳುತ್ತಿದ್ದರು. ಕಥೆ ಹೇಳಿದ ಮರುದಿನ ಮಧ್ಯಾಹ್ನ ಮನೆ ವಿಚಿತ್ರವಾಗಿ ಸದ್ದಿಲ್ಲದೆ ಇತ್ತು. ಬಾಗಿಲು ಒಂದಿಷ್ಟೇ ತೆರೆದು, ಯಾರೋ ತುದಿಗಾಲಲ್ಲಿ ನೀರಿನ ಚೊಂಬು ಇಟ್ಟು ಹೋದರು. ನಾನು ಕೋಲು ಹಿಡಿದು ಎದ್ದು ಹೊರಗೆ ಬಂದೆ. ನನ್ನ ಕೋಣೆಯ ಬಾಗಿಲ ಮೇಲೆ, ಎಂಟು ವರ್ಷದ ಕೈಗೆ ಎಟುಕುವ ಎತ್ತರದಲ್ಲಿ, ಸೀಮೆಸುಣ್ಣದ ದೊಡ್ಡದೊಂದು ಇಂಟು ಗುರುತು. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ 'ನಮ್ಮ ಅಜ್ಜಿ' ಎಂದು ಬರೆದಿತ್ತು.

ದೀಪಾವಳಿಗೆ ಬಾಗಿಲಿಗೆ ಬಣ್ಣ ಹೊಡೆಸಬೇಕೆಂದು ಮಗ ಹೇಳುತ್ತಿದ್ದಾನೆ. ಆ ಬಾಗಿಲನ್ನು ಮಾತ್ರ ಮುಟ್ಟಬೇಡ ಎಂದು ಹೇಳಿದ್ದೇನೆ.